ಗಾಡಿ ಆರುವ ತನಕ

ಸ್ಟ್ಯಾನ್ಮೋರ್, ನಿನ್ನ ಮನೆಯ ಹಿಂದಿನ ರಸ್ತೆ
೬ ಆಗಸ್ಟ್ ೧೯೯೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಭುವಿ ಅಕ್ಕಾ,

ಹೇಗಿದ್ದೀಯ? ಕಾಲು ಇನ್ನೂ ಬಾತುಕೊಳ್ಳುತ್ತಿದೆಯಾ? ಅವ್ವ ಹೇಳಿದ ಜೀರಿಗೆ ನೀರು ಕುಡಿಯುತ್ತಿದ್ದೀಯೋ, ಅಥವಾ ಆ ಮನೆಯಲ್ಲಿ ಅದಕ್ಕೂ ನಗುತ್ತಾರೋ? ಕೂಸು ಒದೆಯುತ್ತದೆ ಅಂದಿದ್ದೆಯಲ್ಲ, ಒದೆಯಲಿ, ನಮ್ಮ ಮನೆತನದ್ದೇ ಇರಬೇಕು. ಈ ಬಿಸಿಲಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಹೇಗಿದ್ದೀಯೋ ಅಂತ ದಿನಾ ಅಂದುಕೊಳ್ಳುತ್ತೇನೆ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದರೆ ಎದುರಿಗೆ ಸಿಕ್ಕರೆ ಕೂಗಾಡಿಬಿಡುತ್ತೇನೆ, ಆದರೂ ಅಂದುಕೊಳ್ಳುತ್ತೇನೆ.

ಮೇಲೆ ಬರೆದ ಊರಿನ ಹೆಸರು ತಪ್ಪಲ್ಲ. ನಾನು ನಿನ್ನ ಹಿತ್ತಲ ಬೇಲಿಯ ಆಚೆ, ದೊಡ್ಡ ಮರದ ನೆರಳಿನಲ್ಲಿ, ಅಪ್ಪನ ಹಳೆಯ ಬೂದು ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದೇನೆ. ಗಾಡಿ ಚಾಲೂ ಆಗುತ್ತಿಲ್ಲ. ಅಪ್ಪ ಟ್ಯೂಬ್ ರೈಲಿನ ಸ್ಟೇಷನ್ನಿನ ಫೋನ್ ಬೂತಿಗೆ ಹೋಗಿದ್ದಾನೆ, ಮಹಾಲಿಂಗಪ್ಪ ಕಾಕಾನನ್ನು ಹಗ್ಗ ತಗೊಂಡು ಬಾ ಅಂತ ಕರೆಯುವುದಕ್ಕೆ. ಹೋಗುವಾಗ ಎರಡು ಮಾತು ಹೇಳಿ ಹೋದ. "ಕೀಲಿಗೆ ಕೈ ಹಚ್ಚಬ್ಯಾಡ, ಇನ್ನ ಬ್ಯಾಟರೀನೂ ಸತ್ತೀತು." ಎರಡನೆಯದು, "ಅಕ್ಕನ ಮನಿ ಕಡೆ ತಲಿ ಹಾಕಿದಿ ಅಂದ್ರ ನೋಡು, ನಿಮ್ಮವ್ವನ ಆಣಿ ಐತಿ." ಅವ್ವನ ಆಣೆ ಕಾಲಿಗೆ ಅಷ್ಟೇ, ಕೈಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ನಾನು ಕೆಲಸ ಮಾಡುವ ಅಂಗಡಿಯದು, ಮೇಲೆ ಎಣ್ಣೆಯ ಬೆರಳಿನ ಗುರುತಿದೆ, ಮೂಗು ಮುರಿಯಬೇಡ. ಕನ್ನಡದಲ್ಲಿ ಯಾಕೆ ಅಂದರೆ, ನನ್ನ ಇಂಗ್ಲಿಷ್ ನೋಡಿ ಶಾಲೆಯ ಟೀಚರುಗಳು ನಕ್ಕಿದ್ದು ಸಾಕು, ಹದಿನಾರಕ್ಕೆ ಶಾಲೆ ಬಿಟ್ಟದ್ದೂ ಅದಕ್ಕೇ. ಮತ್ತೆ ವಿನಾಯಕ ಭಾವನಿಗೆ ಕನ್ನಡ ಓದಲು ಬರುವುದಿಲ್ಲ. ನಿನ್ನ ಅತ್ತೆಗೆ ಬರುತ್ತದೆ, ಗೊತ್ತು. ವಿಶಾಲಾಕ್ಷಿ ಅಮ್ಮನವರು ಓದಿದರೆ ಓದಲಿ, ಅವರ ಬಗ್ಗೆಯೂ ಇದೆ.

ಗುರುವಾರ ನೀನು ಫೋನಿನಲ್ಲಿ ಅಂದದ್ದು ನನ್ನ ಕಿವಿಯಲ್ಲೇ ಇದೆ. "ಹದಿಮೂರನೇ ತಾರೀಖ ಭಾನುವಾರ ಅಪ್ಪ ನನ್ನ ಮನೆ ಹೊಸ್ತಿಲ ದಾಟಿ ಒಳಗ ಬರದಿದ್ದರ ಕುಬಸಾನೂ ಬ್ಯಾಡ, ನೀವೂ ಬರಬ್ಯಾಡ್ರಿ. ಗೇಟಿನ ಹೊರಗ ಗಾಡ್ಯಾಗ ಕುಂತು ಮಾಡೂ ಕುಬಸ ನನಗ ಬೇಕಾಗಿಲ್ಲ." ಅಷ್ಟು ಹೇಳಿ ಇಟ್ಟುಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ನಿಮ್ಮ ಮನೆಯ ಮಿಷನ್ನೇ ಮಾತಾಡುತ್ತದೆ. ಅವ್ವ ಆವತ್ತಿನಿಂದ ಅಡುಗೆ ಮನೆಯಲ್ಲಿ ಹಸಿರು ಸೀರೆ ಎದುರಿಗಿಟ್ಟುಕೊಂಡು ಕೂತಿದ್ದಾಳೆ. ನಮ್ಮ ಸೌತ್‌ಹಾಲ್ ಬ್ರಾಡ್‌ವೇಯ ಅಂಗಡಿಗಳನ್ನೆಲ್ಲ ಅಲೆದು ತಂದ ಸೀರೆ, ಬಳೆ, ಎಲ್ಲ ಅಲ್ಲೇ ಟೇಬಲ್ ಮೇಲಿವೆ. ತವರಿನ ಕುಬಸ ತವರಿನವರೇ ಒಯ್ಯಬೇಕು, ಮೊದಲನೆಯ ಬಸುರಿಗೆ ಅಪ್ಪ ಅವ್ವ ಇಬ್ಬರೂ ಹೋಗಬೇಕು. ಅದು ತಪ್ಪಿದರೆ ಅವ್ವ ಎರಡನೇ ಸಲ ಹೀಗೆ ಸೀರೆ ಹುಡುಕುವುದಿಲ್ಲ, ನೀನೂ ಎರಡನೇ ಸಲ ಕರೆಯುವುದಿಲ್ಲ. ನಿಮ್ಮಿಬ್ಬರದೂ ನನಗೆ ಗೊತ್ತು.

ನೀನು ಏನಂದುಕೊಂಡಿದ್ದೀಯ ಅಂತಲೂ ಗೊತ್ತು. ಮದುವೆಯಾಗಿ ಎರಡು ವರ್ಷ, ಅಪ್ಪ ನಿನ್ನ ಗೇಟಿನ ತನಕ ಬರುತ್ತಾನೆ, ಇಳಿಯುವುದಿಲ್ಲ. ಎಂಜಿನ್ ಗುರುಗುರು ಅನ್ನುತ್ತಿರುತ್ತದೆ, ಅಪ್ಪ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿರುತ್ತಾನೆ, ಅವ್ವ ರೊಟ್ಟಿ ಶೇಂಗಾ ಚಟ್ನಿಯ ಚೀಲ ಹಿಡಿದು ಒಳಗೆ ಓಡಿ ಹೊರಗೆ ಓಡಿ ಬರುತ್ತಾಳೆ. ನೀನು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿರುತ್ತೀಯ. ನಿನ್ನ ಅತ್ತೆ ಹಿಂದಿನಿಂದ, "ನಿಮ್ ತಂದೆಯವ್ರು ಒಳ್ಳೆ ಮಿನಿಕ್ಯಾಬ್ ಡ್ರೈವರ್ ಥರ ಆಚೇನೇ ಕೂತಿರ್ತಾರಲ್ಲಮ್ಮಾ" ಅನ್ನುತ್ತಾರೆ, ನಗುತ್ತಾ. ನಿನಗೆ ಅನ್ನಿಸಿದೆ: ಅಪ್ಪ ಬೆಳಗಾವಿಯವರಿಗೆ ಮಾತು ಕೊಟ್ಟಿದ್ದ, ನಾನು ಅದನ್ನು ಮುರಿದು ಬೆಂಗಳೂರಿನವರ ಹುಡುಗನನ್ನು ಮಾಡಿಕೊಂಡೆ, ಅದಕ್ಕೇ ನನ್ನ ಮನೆಯ ನೆಲ ತುಳಿಯುವುದಿಲ್ಲ. ಅಲ್ಲವಾ? ಅಲ್ಲ ಅಕ್ಕಾ. ಸುಳ್ಳು. ಅಪ್ಪ ಇಳಿಯದೇ ಇರುವುದು ಯಾಕೆ ಅಂದರೆ ಇಳಿಯಬೇಕಾದರೆ ಎಂಜಿನ್ ಬಂದ್ ಮಾಡಬೇಕು. ಬಂದ್ ಮಾಡಿದರೆ ಈ ದರಿದ್ರ ಗಾಡಿ ಮತ್ತೆ ಹೊತ್ತುವುದಿಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ತಣ್ಣಗಿದ್ದಾಗ ಇದರಂಥ ಗಾಡಿ ಇಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಬರುತ್ತದೆ. ಓಡುತ್ತಾ ಇದ್ದರೆ ವಿಜಾಪುರದ ತನಕವೂ ಓಡೀತು. ಆದರೆ ಕಾದ ಮೇಲೆ ನಿಲ್ಲಿಸಿ, ಒಂದು ಚಹಾ ಕುಡಿದು ಬಂದು ತಿರುಗಿಸು, ಕಿರ್ರ್ ಕಿರ್ರ್ ಅನ್ನುತ್ತದೆ, ಹೊತ್ತುವುದಿಲ್ಲ. ನಾನು ಬಿಡಿ ಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ನಿಂತು ಇಷ್ಟು ಕಲಿತಿದ್ದೇನೆ: ಈ ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕೆಗೇ ಅಂಟಿಕೊಂಡಿರುತ್ತದೆ. ಓಡುವಾಗ ಗಾಳಿ ಬಡಿಯುತ್ತದೆ, ಟ್ಯಾಂಕಿನಿಂದ ತಣ್ಣನೆಯ ಪೆಟ್ರೋಲ್ ಬರುತ್ತಲೇ ಇರುತ್ತದೆ, ಏನೂ ಆಗುವುದಿಲ್ಲ. ನಿಲ್ಲಿಸಿದ ಕೂಡಲೇ ಗಾಳಿ ಇಲ್ಲ, ಫ್ಯಾನ್ ಇಲ್ಲ, ಎಂಜಿನ್ನಿನ ಕಾವೆಲ್ಲ ಪಂಪಿಗೆ ಏರುತ್ತದೆ. ಒಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪು ಪೆಟ್ರೋಲ್ ಜಗ್ಗುತ್ತದೆ, ಆವಿ ಜಗ್ಗಲಾರದು. ಓಡುವಾಗ ಅಲ್ಲ, ನಿಂತಾಗ ಕುದಿಯುತ್ತದೆ. ಅಪ್ಪನೂ ಹಾಗೇ ಅಲ್ಲವಾ? ಕೆಲಸದಲ್ಲಿ ಇರುವ ತನಕ ಸುಮ್ಮನಿರುತ್ತಾನೆ, ರಜೆಯ ದಿನ ಯಾರೂ ಹತ್ತಿರ ಹೋಗುವಂತಿಲ್ಲ.

ಇದು ಎಂದಿನಿಂದ ಗೊತ್ತಾ? ನಿನ್ನ ಮದುವೆಯ ದಿನದಿಂದ. ವೆಂಬ್ಲಿಯ ಹಾಲಿನಲ್ಲಿ ನಿನಗೆ ಅರಿಶಿನ ಹಚ್ಚುತ್ತಿರುವಾಗ ಅವ್ವನಿಗೆ ನೆನಪಾಯಿತು, ವಿಜಾಪುರದಿಂದ ತರಿಸಿದ ಬಾಸಿಂಗ ಮನೆಯಲ್ಲೇ ಉಳಿದಿದೆ ಅಂತ. ಅಪ್ಪ ತರುತ್ತೇನೆ ಅಂತ ಹೋದ. ಅಕ್ಕಿಕಾಳು ಬಿದ್ದು, ತಾಳಿ ಕಟ್ಟಿ, ಜನ ಊಟಕ್ಕೆ ಎದ್ದ ಮೇಲೆ ಬಂದ. "ಟ್ರಾಫಿಕ್ ಇತ್ತು" ಅಂದ. ನೀನು ಮುಖ ತಿರುಗಿಸಿದೆ. ಶನಿವಾರ ಬೆಳಿಗ್ಗೆ ಸೌತ್‌ಹಾಲಿನಿಂದ ವೆಂಬ್ಲಿಗೆ ಅಂಥ ಯಾವ ಟ್ರಾಫಿಕ್, ಬೇಕಂತಲೇ ತಪ್ಪಿಸಿಕೊಂಡ ಅಂತ ನೀನು ಇವತ್ತಿಗೂ ತಿಳಿದಿದ್ದೀಯ. ಅಪ್ಪ ಮನೆಯ ಮುಂದೆ ಗಾಡಿ ಬಂದ್ ಮಾಡಿ ಒಳಗೆ ಹೋಗಿ, ಬಾಸಿಂಗ ಹುಡುಕಿ ಕೈಯಲ್ಲಿ ಹಿಡಿದುಕೊಂಡು ಬಂದು ಕೂತ, ಗಾಡಿ ಹೊತ್ತಲಿಲ್ಲ. ಎದುರು ಮನೆಯ ಪಂಜಾಬಿ ಅಜ್ಜಿ ಕಿಟಕಿಯಿಂದ ನೋಡಿದ್ದಾಳೆ, ನಿನ್ನಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು, ಬಾಸಿಂಗ ಎದೆಗೆ ಹಿಡಿದುಕೊಂಡು, ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಗೂ ಕೈ ಮಾಡುತ್ತಿದ್ದ ಅಂತ. ಒಬ್ಬರೂ ನಿಲ್ಲಲಿಲ್ಲ, ಗಾಡಿ ತಾನಾಗಿ ಹೊತ್ತುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಆ ಬಾಸಿಂಗ ಈಗಲೂ ಈ ಗಾಡಿಯಲ್ಲೇ ಇದೆ, ನನ್ನ ಮೊಣಕಾಲ ಎದುರಿಗಿನ ಡಬ್ಬಿಯಲ್ಲಿ, ಹಳದಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾನೆ. ಈಗಷ್ಟೇ ತೆಗೆದು ನೋಡಿದೆ. ಎರಡು ಮುತ್ತು ಉದುರಿವೆ.

ಆ ದಿನದ ಮೇಲೆ ಅಪ್ಪ ಶಪಥ ಮಾಡಿದವನ ಹಾಗೆ ನಿನ್ನ ಮನೆಯ ಎದುರು ಎಂಜಿನ್ ಬಂದ್ ಮಾಡಿಲ್ಲ. ಬೀಗರ ಮನೆಯ ಮುಂದೆ ಗಾಡಿ ಕೆಟ್ಟು, ಅಳಿಯನೂ ಅಳಿಯನ ಅಪ್ಪನೂ ಹಿಂದಿನಿಂದ ತಳ್ಳುವುದು, ನಿನ್ನ ಅತ್ತೆ ಮೆಟ್ಟಿಲ ಮೇಲೆ ನಿಂತು ಸಲಹೆ ಕೊಡುವುದು, ಅದನ್ನು ನೀನು ನೋಡುವುದು, ಇಷ್ಟು ಅವನಿಂದ ಸಾಧ್ಯವಿಲ್ಲ. "ನಂದೇನೂ ಹೋಗೂದಿಲ್ಲ, ಆಕಿ ಅಲ್ಲಿ ದಿನಾ ಬಾಳೇವು ಮಾಡಬೇಕು" ಅಂತ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಬೇರೆ ಗಾಡಿ ತಗೊ ಅಂದರೆ, "ಗಾಡಿ ಕೆಟ್ಟಿಲ್ಲ, ಹೇಳಿದ ಮಾತ ಕೇಳೂದಿಲ್ಲ ಅಷ್ಟ" ಅನ್ನುತ್ತಾನೆ, ನನ್ನ ಕಡೆ ನೋಡುತ್ತಾ. ಬಸ್ಸಿನಲ್ಲಿ ಹೋಗೋಣ ಅಂದೆ. "ಕುಬಸದ ಬುಟ್ಟಿ ಬಸ್ಸಿನ್ಯಾಗ ಹೊತ್ತು ಒಯ್ಯಲೇನ? ನಾ ಇನ್ನೂ ಸತ್ತಿಲ್ಲ" ಅಂದ. ಎಲ್ಲದಕ್ಕೂ ಉತ್ತರ ಇದೆ ಅವನ ಹತ್ತಿರ, ನಿನ್ನ ಹತ್ತಿರ ಇರುವ ಹಾಗೇ.

ಇನ್ನು ಆ ಹೃದಯದ ವಿಷಯ. ಓದಿ ನಗು ಅಥವಾ ಅಳು, ನಾನಂತೂ ಎರಡನ್ನೂ ಮಾಡಿದ್ದೇನೆ. ಮೇ ತಿಂಗಳಲ್ಲಿ ನೀನು ಫೋನಿನಲ್ಲಿ ಅವ್ವನನ್ನು ಕೇಳಿದೆ, ಅಪ್ಪ ಯಾಕೆ ಇಳಿಯುವುದಿಲ್ಲ ಅಂತ. ಅಪ್ಪ ಎದುರಿಗೇ ಟಿವಿ ನೋಡುತ್ತಾ ಕೂತಿದ್ದ. ಅವ್ವ ಪಾಪ, ಗಾಡಿ ಅನ್ನುವ ಶಬ್ದ ಬಾಯಿಗೆ ತರುವ ಹಾಗಿಲ್ಲ, ಸುಳ್ಳು ಹೇಳಲು ಬರುವುದಿಲ್ಲ. ನನ್ನ ಬಾಯಲ್ಲಿ ಕೇಳಿದ್ದನ್ನೇ ಪಿಸುಗುಟ್ಟಿದಳು: "ಹಾಟ್ ಪ್ರಾಬ್ಲಮ್ ಐತಂತವಾ. ಪಂಪ್ ವೀಕ್ ಆಗೇತಂತ. ಅದಕ್ಕ ಇಳಿಯಂಗಿಲ್ಲ." ನೀನು ಡಾಕ್ಟರ ಹೆಂಡತಿ. ಭಾವನ ಬಾಯಲ್ಲಿ ಹಾರ್ಟ್ ಅನ್ನುವುದು ಹಾಟ್ ಅಂತಲೇ ಬರುತ್ತದೆ, ಇಲ್ಲಿ ಹುಟ್ಟಿದವರಿಗೆ ಆ ರಕಾರವೇ ಇಲ್ಲ. ನೀನು ಹೃದಯ ಅಂದುಕೊಂಡೆ. ಎರಡು ದಿನಕ್ಕೆ ವಿನಾಯಕ ಭಾವನ ಫೋನ್ ಬಂತು. ಮುರುಕು ಕನ್ನಡದಲ್ಲಿ, "ಮಾವ, ನಿಮ್ಮ ಹಾಟ್ ಬಗ್ಗೆ ಕೇಳ್ದೆ, ಎಷ್ಟು ದಿನದಿಂದ ಇದೆ?" ಅಪ್ಪನ ಮುಖ ಕಪ್ಪಾಯಿತು. ಗಾಡಿಯ ಗುಟ್ಟು ಬೀಗರ ಮನೆಗೆ ಮುಟ್ಟಿತು ಅಂದುಕೊಂಡ. "ನಿಮ್ಮ ಲಗ್ನದ ದಿನದಿಂದ" ಅಂದ. ಭಾವ, "ಪಂಪ್ ವೀಕ್ ಅಂದ್ರೆ ಸುಮ್ನೆ ಬಿಡಬಾರ್ದು, ನಮ್ಮ ಹಾಸ್ಪಿಟಲ್‌ಗೆ ಬನ್ನಿ, ನಾನೇ ಚೆಕ್ ಮಾಡಿಸ್ತೀನಿ" ಅಂದಿರಬೇಕು. ಅಪ್ಪನಿಗೆ ಅದು ಚೇಷ್ಟೆ ಅನ್ನಿಸಿತು. "ಹೊಸಾ ಪಂಪ ಹಾಕೀವ್ರಿ. ನಿಮ್ಮ ಕೈ ಹಚ್ಚೂದು ಬ್ಯಾಡ. ಬೇಕಾದ್ರ ನಾವ ಬಿಚ್ಚಿ ನೋಡ್ಕೋತೀವಿ" ಅಂದು ಇಟ್ಟುಬಿಟ್ಟ. ಆಗ ನಾನು ಅಲ್ಲೇ ಇದ್ದೆ, ನನಗೂ ತಿಳಿಯಲಿಲ್ಲ, ಭಾವ ಗಾಡಿಯ ಬಗ್ಗೆಯೇ ಕುಚೋದ್ಯ ಮಾಡಿದ ಅಂತ ನಾನೂ ಬೈದೆ. ಗುರುವಾರ ನೀನು "ಹಾರ್ಟ್ ಕೆಟ್ಟರೂ ಅಳಿಯನ ಕೈ ಬ್ಯಾಡಾತು ಅವಗ, ಬಿಚ್ಚಿ ನೋಡ್ಕೋತೀನಂದ" ಅಂತ ಅಳುತ್ತಾ ಅಂದಾಗ ಹೊಳೆಯಿತು. ನಾನು ಹೇಳುವಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ. ಅಪ್ಪನ ಹೃದಯಕ್ಕೆ ಏನೂ ಆಗಿಲ್ಲ ಅಕ್ಕಾ. ಅಂದರೆ, ಡಾಕ್ಟರು ನೋಡುವಂಥದ್ದು ಏನೂ ಆಗಿಲ್ಲ.

ನಾನು ಸುಮ್ಮನೆ ಕೂತಿದ್ದೆ ಅಂದುಕೊಳ್ಳಬೇಡ. ಹೊಸ ಪಂಪು ನಾನೇ ಅಂಗಡಿಯಿಂದ ತಂದು ನಾನೇ ಹಾಕಿದೆ. ಅಪ್ಪ ಮೊದಲು, "ಹೆಣ್ಣುಮಗಳು ಬಾನೆಟ್ಟಿನ್ಯಾಗ ತಲಿ ಇಟ್ಟು ನಿಂತ್ರ ಓಣ್ಯಾಗಿನ ಮಂದಿ ಏನಂದಾರು" ಅಂದ. ಆಮೇಲೆ ಟಾರ್ಚ್ ಹಿಡಿದು ನಿಂತ. ತಣ್ಣಗಿದ್ದಾಗ ಪೈಪು ಬಿಚ್ಚಿ ಬಾಟಲಿಗೆ ಹಿಡಿದರೆ ಪಿಚಕಾರಿಯ ಹಾಗೆ ಪೆಟ್ರೋಲ್ ಬಂತು. ಕಾಯಿಸಿ ನಿಲ್ಲಿಸಿ ಹಿಡಿದರೆ ಸಾಬೂನಿನ ನೊರೆಯ ಹಾಗೆ ಬುಸುಬುಸು. ಹೊಸದೂ ಅಷ್ಟೇ, ಹಳೆಯದೂ ಅಷ್ಟೇ. ಮಹಾಲಿಂಗಪ್ಪ ಕಾಕಾ ಬಂದು, ಕಟ್ಟಿಗೆಯ ಬಟ್ಟೆ ಕ್ಲಿಪ್ಪು ಪೈಪಿಗೆ ಸಾಲಾಗಿ ಕಚ್ಚಿಸಿದರೆ ಕಾವು ಹೀರುತ್ತದೆ ಅಂದ, ಬೆಳಗಾವಿಯಲ್ಲಿ ಎಲ್ಲ ಲಾರಿಯವರೂ ಹಾಗೇ ಮಾಡುತ್ತಾರಂತೆ. ಅವ್ವನ ಕ್ಲಿಪ್ಪೆಲ್ಲ ಬಾನೆಟ್ಟಿನ ಒಳಗೆ, ಅವ್ವನ ಸೀರೆ ಪಕ್ಕದ ಮನೆಯವರ ಗುಲಾಬಿ ಗಿಡದ ಮೇಲೆ. ಏನೂ ಆಗಲಿಲ್ಲ. ಪೈಪನ್ನು ಸೈಲೆನ್ಸರಿನ ಬಿಸಿಯಿಂದ ದೂರ ಸರಿಸಿ ಕಟ್ಟಿದೆ. ಅಂಗಡಿಯ ಮಾಲೀಕ ಹೇಳಿದ ಹಾಗೆ ಎಕ್ಸಲರೇಟರ್ ಪೂರ್ತಿ ತುಳಿದು ಹಿಡಿದು ತಿರುಗಿಸಿದೆ. ಹಸಿ ಬಟ್ಟೆ ಹೊದಿಸಿದೆ, ಅದು ಚಪಾತಿ ಹಂಚಿನ ಮೇಲಿನ ನೀರಿನ ಹಾಗೆ ಚುಂಯ್ ಅಂದು ಆರಿಹೋಯಿತು.

ಕಡೆಗೆ ಗೊತ್ತಾಯಿತು ತಪ್ಪು ಎಲ್ಲಿ ಅಂತ. ಎಂಜಿನ್ನಿಗೂ ಪಂಪಿಗೂ ನಡುವೆ ಒಂದು ದಪ್ಪನೆಯ ಕರಿ ತುಂಡು ಇರಬೇಕು, ಕಾವು ತಡೆಯುವುದಕ್ಕೆ. ನಮ್ಮ ಗಾಡಿಯಲ್ಲಿ ಅದು ಇಲ್ಲ. ನಿನ್ನ ಮದುವೆಯ ಹಿಂದಿನ ವಾರ ಅಪ್ಪ ತಾನೇ ಪಂಪು ಬದಲಿಸಿದ್ದನಲ್ಲ, ಆಗ "ಈ ಪ್ಯಾಕಿಂಗ್ ಸಾಮಾನೆಲ್ಲ ಯಾಕ ಬಿಟ್ಟಾರ ಒಳಗ" ಅಂತ ಅದನ್ನು ತೆಗೆದು ಎಸೆದನಂತೆ. ಹೇಳುವಾಗ ನಗುತ್ತಿದ್ದ, ನಾನು ನಗಲಿಲ್ಲ ಅಂತ ನಿಲ್ಲಿಸಿದ. ಈಗ ಆ ತುಂಡು ಎಲ್ಲೂ ಸಿಗುವುದಿಲ್ಲ. ನಮ್ಮ ಅಂಗಡಿಯಲ್ಲಿ ಇಲ್ಲ, ಹಳೆಯ ಗಾಡಿ ಒಡೆಯುವ ಯಾರ್ಡುಗಳಲ್ಲಿ ಹುಡುಕಿದೆ, ಸ್ಟ್ರಾಟ್‌ಫರ್ಡ್ ಆಚೆಯ ಯಾರ್ಡಿಗೂ ಹೋದೆ, ಅಲ್ಲಿಯ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ "ಅಪ್ಪನನ್ನು ಕಳಿಸು ಪುಟ್ಟೀ" ಅಂದ. ಬೈದು ಬಂದೆ. ಅವ್ವನ ತರಕಾರಿ ಹೆಚ್ಚುವ ಮಣೆ ಕೊಯ್ದು ಅದೇ ಆಕಾರದ ತುಂಡು ಮಾಡಿ ಹಾಕಿದೆ. ಎಣ್ಣೆ ಸೋರಿ ಇಡೀ ಡ್ರೈವ್‌ವೇ ಕರ್ರಗಾಯಿತು. ಈಗ ನಮ್ಮ ಮನೆಯಲ್ಲಿ ಮಣೆಯೂ ಇಲ್ಲ.

ಇಷ್ಟಾದ ಮೇಲೂ ಇವತ್ತು ಬೆಳಿಗ್ಗೆ ಅಪ್ಪ ಹೊಸ ಹುರುಪಿನಿಂದ ಎದ್ದ. ಪಂಪಿಗೆ ಅಡುಗೆಯ ಫಾಯಿಲ್ ಸುತ್ತಿ, ಪೈಪಿಗೆ ಅವ್ವನ ಹಳೆಯ ಶಾಲು ಸುತ್ತಿ, "ನಡಿ, ಒಂದ ಸಲ ಅಲ್ಲೀ ತನಕ ಹೋಗಿ ನೋಡೂಣು" ಅಂದ. ನಾಟಕದವರು ಮೊದಲೇ ಮಾಡಿ ನೋಡುತ್ತಾರಲ್ಲ, ಹಾಗೆ. ನಿನ್ನ ಮನೆಯ ತನಕ ಬಿಸಿಲಲ್ಲಿ ಓಡಿಸುವುದು, ಮರೆಯಲ್ಲಿ ನಿಲ್ಲಿಸುವುದು, ಎಂಜಿನ್ ಬಂದ್ ಮಾಡಿ ನಿನ್ನ ಮನೆಯಲ್ಲಿ ಕಾಫಿ ಕುಡಿಯುವಷ್ಟು ಹೊತ್ತು ಕೂರುವುದು, ಆಮೇಲೆ ಕೀಲಿ ತಿರುಗಿಸುವುದು. "ಇವತ್ತ ಚಾಲೂ ಆತಂದ್ರ ಮುಂದಿನ ಐತವಾರ ಒಳಗ ಹೋಗಿ ಕುಂದರತೀನಿ. ಆಗಲಿಲ್ಲಂದ್ರ ನೀವಿಬ್ಬರೂ ಹೋಗ್ರಿ, ನಾ ಗೇಟಿಗೆ ಬಿಟ್ಟು ಬರತೀನಿ." ಅಕ್ಕಾ, ಸುಮ್ಮನೆ ನೋಡಿ ಬರುವುದಕ್ಕೂ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಗಡ್ಡ ಕೆರೆದಿದ್ದ.

ಹ್ಯಾರೋ ದಾಟಿದ ಮೇಲೆ ಅಪ್ಪ ತಾನೇ ಮಾತು ಶುರು ಮಾಡಿದ. ಮೊದಲ ಸಲ ಒಳಗೆ ಹೋದಾಗ ಏನು ಮಾತಾಡಬೇಕು, ಶೂ ಎಲ್ಲಿ ಬಿಡುತ್ತಾರೆ ಅವರು, ನಿನ್ನ ಮಾವ ರಾಮಪ್ರಸಾದರಿಗೆ ನಮಸ್ಕಾರ ಮಾಡುವುದೋ ಕೈ ಕುಲುಕುವುದೋ, ಇದೇ. ಇಲ್ಲಿ ಬಂದು ಬಂದ್ ಮಾಡಿ ಕೂತೆವು. ನಿನ್ನ ಹಿತ್ತಲಿನಿಂದ ನಗು ಕೇಳಿಸುತ್ತಿತ್ತು, ಯಾರೋ ನೆಂಟರು ಇದ್ದಾರೆ ಅನ್ನಿಸುತ್ತದೆ. ನಿನ್ನ ದನಿ ಕೇಳಿಸಲಿಲ್ಲ. ಅಪ್ಪ ಕಿಟಕಿಯ ಗಾಜು ಇಳಿಸಿ ಆ ಕಡೆಗೇ ಕಿವಿ ಕೊಟ್ಟು ಕೂತಿದ್ದ. ಆಮೇಲೆ ಕೈ ಒರೆಸಿಕೊಂಡು ಕೀಲಿ ತಿರುಗಿಸಿದ. ಕಿರ್ರ್. ಮತ್ತೆ. ಕಿರ್ರ್. ನಾನು ತುಳಿದು ಹಿಡಿ ಅಂದೆ, ಬಿಡು ಅಂದೆ, ತಾಳು ಅಂದೆ, ಸ್ಟಿಯರಿಂಗಿಗೆ ಗುದ್ದಿದೆ, ಹಾರ್ನ್ ಹೊಡೆಯಿತು. ಅಪ್ಪ ಬೆಚ್ಚಿಬಿದ್ದು ನಿನ್ನ ಮನೆಯ ಕಡೆ ನೋಡಿದ, ಕಳ್ಳನ ಹಾಗೆ. ಎಷ್ಟು ಸಿಟ್ಟು ಬಂತು ಗೊತ್ತಾ? ಅವನ ಮೇಲಲ್ಲ. ಆಮೇಲೆ ಅಪ್ಪ ಕೀಲಿ ಅಲ್ಲೇ ಬಿಟ್ಟು, "ಹೋಗಲಿ ಬಿಡವಾ, ಎಷ್ಟಂತ ಬಡದಾಡತಿ" ಅಂದ. ಬಯ್ದಿದ್ದರೆ ಚೆನ್ನಾಗಿತ್ತು. ಆ ಬಿಳಿ ಅಂಗಿಯಲ್ಲಿ ಈ ಉರಿಬಿಸಿಲಲ್ಲಿ ಸ್ಟೇಷನ್ ಕಡೆ ನಡೆದು ಹೋದ. ಬೆನ್ನೆಲ್ಲ ಬೆವರಿ ಸೀಟಿನ ಗೆರೆ ಮೂಡಿತ್ತು.

ನನಗಂತೂ ಇನ್ನೇನೂ ತೋಚುತ್ತಿಲ್ಲ. ಪಂಪು ಗೊತ್ತು, ಆವಿ ಗೊತ್ತು, ತಪ್ಪು ಎಲ್ಲಿದೆ ಗೊತ್ತು, ಸರಿ ಮಾಡಲು ಆಗುವುದಿಲ್ಲ. ಅಪ್ಪನಿಗೆ ಹೇಳಿದರೆ ಕೇಳುವುದಿಲ್ಲ, ನಿನಗೆ ಹೇಳಬೇಕೆಂದರೆ ಫೋನ್ ಎತ್ತುವುದಿಲ್ಲ. ನಿಮ್ಮಿಬ್ಬರ ನಡುವೆ ಇರಬೇಕಾದ ಆ ಕರಿ ತುಂಡನ್ನೂ ಯಾರೋ ತೆಗೆದು ಎಸೆದುಬಿಟ್ಟಿದ್ದಾರೆ ಅನ್ನಿಸುತ್ತದೆ, ಒಬ್ಬರ ಕಾವು ಇನ್ನೊಬ್ಬರಿಗೆ ನೇರ ತಾಗುತ್ತದೆ. ಮುಂದಿನ ಭಾನುವಾರ ಅಪ್ಪ ಮತ್ತೆ ಗೇಟಿನ ಹೊರಗೇ ಕೂರುತ್ತಾನೆ, ನೀನು ಬಾಗಿಲು ಹಾಕಿಕೊಳ್ಳುತ್ತೀಯ, ಅವ್ವ ಬುಟ್ಟಿ ಹಿಡಿದು ನಡುವೆ ನಿಂತಿರುತ್ತಾಳೆ. ಯಾಕೆ ಅಂತಾದರೂ ನಿನಗೆ ಗೊತ್ತಿರಲಿ, ಅದಕ್ಕೆ ಬರೆದೆ. ಭಾವನಿಗೆ ಹೇಳು, ಅಪ್ಪ ಬೈದದ್ದು ಅವರನ್ನಲ್ಲ. ನಿನ್ನ ಅತ್ತೆ ಮಾವನವರಿಗೆ ನಮಸ್ಕಾರ, ಅತ್ತೆಗೆ ಸ್ವಲ್ಪ ಕಡಿಮೆ. ಹೊಟ್ಟೆಯಲ್ಲಿರುವ ನಮ್ಮ ಒದೆಯುವ ಕೂಸಿಗೆ ಚಿಕ್ಕವ್ವನ ಮುತ್ತು. ಅದಾದರೂ ಸುಲಭಕ್ಕೆ ಹುಟ್ಟಿ ಬರಲಿ.

ನಿನ್ನ ತಂಗಿ,
ಸುವರ್ಣಾ

ತಾಜಾ ಕಲಂ: ಅಕ್ಕಾ, ಹೆಸರು ಬರೆದು ಮುಗಿಸಿ, ಸಿಟ್ಟಿಗೆ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಬಂತು! ಈಗ ಗುರುಗುರು ಅನ್ನುತ್ತಿದೆ, ಅಕ್ಷರ ಅದಕ್ಕೇ ಅಲುಗಾಡಿದೆ. ನಿನಗೆ ಇಷ್ಟುದ್ದ ಬರೆಯುವಷ್ಟರಲ್ಲಿ ಆರಿಬಿಟ್ಟಿದೆ. ಆರಿದರೆ ಹೊತ್ತುತ್ತದೆ ಅಂತ ನಮಗೆಲ್ಲ ಮೊದಲಿನಿಂದ ಗೊತ್ತು, ಆದರೆ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಗೆ ಹೊತ್ತಿಸುವುದು ಅಂತಲೇ ಇಷ್ಟು ದಿನ ಬಡಿದಾಡಿದೆವು, ಮಂದಬುದ್ಧಿಯವರು. ಕಾಫಿಯೇ ಯಾಕೆ? ಅಪ್ಪ ಒಂದು ತಾಸು ಒಳಗೆ ಕೂತರೆ ಪಂಪೂ ಬೇಡ, ತುಂಡೂ ಬೇಡ. ಇದು ನಿನ್ನ ಕೈಯಲ್ಲಿದೆ, ನನ್ನ ಕೈಯಲ್ಲಿ ಇಲ್ಲ. ನಿನ್ನ ಅತ್ತೆ ಕಿಟಕಿಗೆ ಬಗ್ಗಿ "ಊಟ ಆಯ್ತಾ?" ಅನ್ನುತ್ತಾರೆ, ಅಪ್ಪ ಮರ್ಯಾದೆಗೆ "ಆಗೇತ್ರೀ" ಅನ್ನುತ್ತಾನೆ, ಅವರು ನಿಜ ಅಂತ ತಿಳಿದು ಒಳಗೆ ಹೋಗುತ್ತಾರೆ. ನಮ್ಮ ಕಡೆ ಮೂರು ಸಲ ಕರೆಯಬೇಕು ಅಂತ ಅವರಿಗೆ ಯಾರು ಹೇಳಬೇಕು? ನೀನು ಮರೆತೆಯಾ? ಭಾನುವಾರ ನೀನೇ ಗೇಟಿಗೆ ಬಾ, ಹೊಟ್ಟೆ ಹೊತ್ತುಕೊಂಡಾದರೂ ಬಾ. ಆಯ್ತಾ ಅಂತ ಕೇಳಬೇಡ, ಉಣ್ಣು ಬಾ ಅನ್ನು. ಗಾಡಿಯ ವಿಷಯ ಗೊತ್ತು ಅಂತ ಮುಖದಲ್ಲೂ ತೋರಿಸಬೇಡ. ಕೀಲಿ ನೀನೇ ಕೈ ಹಾಕಿ ಬಂದ್ ಮಾಡು. ಅಪ್ಪ ಬರುತ್ತಿದ್ದಾನೆ, ತಿರುವಿನಲ್ಲಿ ಬಿಳಿ ಅಂಗಿ ಕಾಣುತ್ತಿದೆ, ಇದನ್ನು ನಿನ್ನ ಹಿತ್ತಲ ಬೇಲಿಯ ಮೇಲಿನಿಂದ ಎಸೆಯುತ್ತೇನೆ, ಆಣೆ ಮುರಿದ ಹಾಗಾಗುವುದಿಲ್ಲ. ಮತ್ತೆ ಅಕ್ಕಾ, ಬೇಗ ಬಡಿಸಬೇಡ.